ಹತ್ತು ನಿಮಿಷ ಚೆನ್ನಾಗಿ ಓಡಿ ನಿಂತುಬಿಡುವ ದೋಣಿ ಮೋಟಾರು

ಪ್ರಶ್ನೆ

ನನ್ನ ಹತ್ತಿರ 5 ಎಚ್‌ಪಿಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಮೋಟಾರ್ ಇದೆ. ಸೆಕೆಂಡ್ ಹ್ಯಾಂಡ್. ಟ್ಯಾಂಕ್ ಬೇರೆ, 12 ಲೀಟರಿನ ಪ್ಲಾಸ್ಟಿಕ್‌ನದು. ಎರಡೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ. ಮೊದಲ ಹತ್ತು ನಿಮಿಷ ಒಂದು ಮಾತೂ ಆಡುವ ಹಾಗಿಲ್ಲ. ಆಮೇಲೆ ವೇಗ ತಾನಾಗಿಯೇ ಇಳಿಯುತ್ತದೆ. ಎರಡು ಸಲ ಕೆಮ್ಮಿದ ಹಾಗೆ ಮಾಡಿ ನಿಂತೇ ಹೋಗುತ್ತದೆ. ಆಗ ಹಗ್ಗ ಎಷ್ಟು ಎಳೆದರೂ ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗುವುದಿಲ್ಲ. ಕಾಲು ಗಂಟೆ ಸುಮ್ನೆ ಕೂತರೆ ಏನೂ ಆಗಿಲ್ಲವೇನೋ ಅನ್ನುವ ಹಾಗೆ ಮತ್ತೆ ಶುರು!

ಪ್ಲಗ್ ಹೊಸದು ಹಾಕಿದೆ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆ. ಪೆಟ್ರೋಲ್ ಹೊಸದು, ಆಯಿಲ್ 50ಕ್ಕೆ 1, ಅಂದರೆ ಲೀಟರಿಗೆ 20 ಎಂಎಲ್. ಕೂಲಿಂಗ್ ನೀರಿನ ಸಣ್ಣ ಧಾರೆ ಪಕ್ಕದಲ್ಲಿ ಜೋರಾಗಿಯೇ ಚಿಮ್ಮುತ್ತದೆ, ಹಾಗಾಗಿ ಎಂಜಿನ್ ಕಾಯುತ್ತಿಲ್ಲ ಅಂದುಕೊಂಡಿದ್ದೇನೆ. ನಿನ್ನೆ ಎದುರುಗಾಳಿಯಲ್ಲಿ ಹುಟ್ಟು ಹಾಕಿ ಹಾಕಿ ಅಂಗೈಯಲ್ಲಿ ಬೊಬ್ಬೆ ಬಂದಿದೆ. ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಬದಲಿಸಿಬಿಡಲೇ?

ಉತ್ತರ 1

ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಸ್ಟಾರ್ಟ್ ಆಗುತ್ತದೆ ಅಂದರೆ ಕಾಯಿಲ್ಲೇ. ಒಳಗಿನ ತಂತಿ ಬಿಸಿಗೆ ಬಿಟ್ಟುಕೊಳ್ಳುತ್ತದೆ. ನನ್ನ ಮೋಟಾರಿನಲ್ಲೂ ಹೀಗೇ ಆಗಿತ್ತು. ಬದಲಿಸಿದೆ, ಸರಿಹೋಯಿತು.

ಉತ್ತರ 2

ಸ್ವಲ್ಪ ತಡೆಯಿರಿ, ಈಗಲೇ ಕಾಯಿಲ್ ಕೊಳ್ಳಬೇಡಿ. ಕಾಯಿಲ್ ಕೈಕೊಟ್ಟರೆ ಎಂಜಿನ್ ಸ್ವಿಚ್ ಆರಿಸಿದ ಹಾಗೆ ಟಕ್ಕನೆ ನಿಲ್ಲುವುದೇ ಹೆಚ್ಚು. ನಿಮ್ಮದು ವೇಗ ಇಳಿದು, ಕೆಮ್ಮಿ, ಆಮೇಲೆ ನಿಲ್ಲುತ್ತಿದೆ. ಇದು ಪೆಟ್ರೋಲ್ ಸಾಲದೆ ಸಾಯುವ ಎಂಜಿನ್ನಿನ ಲಕ್ಷಣ.

ಮುಂದಿನ ಸಲ ನಿಂತಾಗ ಹಗ್ಗಕ್ಕೆ ಕೈ ಹಾಕಬೇಡಿ. ಮೊದಲು ಪೆಟ್ರೋಲ್ ಪೈಪಿನ ನಡುವೆ ಇರುವ ರಬ್ಬರ್ ಬಲ್ಬ್ ಮುಟ್ಟಿ ನೋಡಿ. ಅದು ಚಪ್ಪಟೆಯಾಗಿದ್ದರೆ ತೊಂದರೆ ಟ್ಯಾಂಕಿನ ಕಡೆ: ಗಾಳಿ ಬಿಡುವ ತಿರುಪು ಮುಚ್ಚಿರಬಹುದು, ತಳದ ಜಾಲರಿಗೆ ಕಸ ಕೂತಿರಬಹುದು. ಬಲ್ಬ್ ದುಂಡಗಿದ್ದು ಮೆತ್ತಗಿದ್ದರೆ, ಹಿಸುಕುತ್ತಾ ಇದ್ದಾಗ ಮಾತ್ರ ಎಂಜಿನ್ ಓಡಿದರೆ, ಫ್ಯುಯೆಲ್ ಪಂಪಿನ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಹರಿದಿದೆ, ಇಲ್ಲವೇ ಪೈಪು ಸೇರುವ ಕಡೆ ಓ ರಿಂಗ್ ಸವೆದು ಗಾಳಿ ಎಳೆಯುತ್ತಿದೆ. ಬಲ್ಬ್ ಗಟ್ಟಿಯಾಗಿ ತುಂಬಿಯೇ ಇದ್ದು ಸ್ಟಾರ್ಟ್ ಆಗದಿದ್ದರೆ ಪ್ಲಗ್ ಬಿಚ್ಚಿ. ಒದ್ದೆ ಇದ್ದರೆ ಆಗ ಕಿಡಿಯ ಮೇಲೆ ಅನುಮಾನ ಪಡೋಣ. ಕಿಡಿ ನೋಡುವಾಗ ಪ್ಲಗ್ಗನ್ನು ಅದರ ತೂತಿನಿಂದ ದೂರ ಹಿಡಿಯಿರಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ.

ಕಾಲು ಗಂಟೆ ಕಾದರೆ ಸರಿಹೋಗುವುದಕ್ಕೂ ತಣ್ಣಗಾಗುವುದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಪೆಟ್ರೋಲ್ ಹೋದಷ್ಟು ಗಾಳಿ ಟ್ಯಾಂಕಿನೊಳಗೆ ಬರದಿದ್ದರೆ ಒಳಗೆ ಎಳೆತ ಹುಟ್ಟುತ್ತದೆ, ಪಂಪು ಸೋಲುತ್ತದೆ. ನೀವು ಕೂತಿರುವಾಗ ಮುಚ್ಚಳದ ಸಂದಿಯಿಂದ ಗಾಳಿ ನಿಧಾನವಾಗಿ ನುಗ್ಗುತ್ತದೆ, ಎಳೆತ ಕಡಿಮೆಯಾಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ, ಅಲ್ವಾ?

ಇನ್ನೊಂದು ಮಾತು. ಟೂ ಸ್ಟ್ರೋಕ್‌ಗೆ ಆಯಿಲ್ ಬರುವುದೂ ಪೆಟ್ರೋಲ್ ಜೊತೆಗೇ. ಅದು ಕೆಮ್ಮಲು ಶುರು ಮಾಡಿದ ಮೇಲೂ ಫುಲ್ ಥ್ರಾಟಲ್ ಹಿಡಿದು ಓಡಿಸಿದರೆ ಪಿಸ್ಟನ್ ಕಚ್ಚಿಕೊಳ್ಳಬಹುದು.

ಪ್ರಶ್ನೆ ಕೇಳಿದವರು

ಇವತ್ತು ಬೇಕಂತಲೇ ದಡದ ಹತ್ತಿರವೇ ಸುತ್ತಿದೆ. ಹನ್ನೊಂದನೇ ನಿಮಿಷಕ್ಕೆ ನಿಂತಿತು. ಬಲ್ಬ್ ಮುಟ್ಟಿದರೆ ಅದರ ಎರಡು ಗೋಡೆಗಳೂ ಒಂದಕ್ಕೊಂದು ಅಂಟಿಕೊಂಡಿವೆ! ಟ್ಯಾಂಕಿನ ಮುಚ್ಚಳ ಕಾಲು ಸುತ್ತು ತಿರುಗಿಸಿದೆ. ಸುಯ್ ಅಂತ ಗಾಳಿ ಒಳಗೆ ಎಳೆದುಕೊಂಡಿತು, ಒಳಕ್ಕೆ ತಗ್ಗಿದ್ದ ಟ್ಯಾಂಕಿನ ಪಕ್ಕ ಡಬ್ ಅಂತ ಹೊರಗೆ ಬಂತು. ಬಲ್ಬ್ ಹಿಸುಕಿ ಹಗ್ಗ ಎಳೆದೆ, ಒಂದೇ ಎಳೆತಕ್ಕೆ ಸ್ಟಾರ್ಟ್.

ತಮಾಷೆ ಅಂದರೆ ಗಾಳಿ ತಿರುಪು ಪೂರ್ತಿ ತೆರೆದೇ ಇತ್ತು. ಅದನ್ನು ನಾನು ಮೊದಲ ದಿನವೇ ನೋಡಿದ್ದೆ, ಅದಕ್ಕೇ ಆ ಕಡೆ ತಲೆ ಹಾಕಿರಲಿಲ್ಲ. ತಿರುಪನ್ನೇ ಪೂರ್ತಿ ಹೊರಗೆ ತೆಗೆದಾಗ ಗೊತ್ತಾಯಿತು. ಕೆಳಗೆ ಸೂಜಿಯಷ್ಟು ಸಣ್ಣ ತೂತು, ಅದರ ತುಂಬ ಒಣಗಿದ ಮಣ್ಣು. ಯಾವುದೋ ಕಣಜ ಗೂಡು ಕಟ್ಟಲು ಹೊರಟಿತ್ತು! ತಂತಿಯಿಂದ ಕೆದಕಿ ತೆಗೆದೆ. ಆಮೇಲೆ 50 ನಿಮಿಷ ಒಮ್ಮೆಯೂ ನಿಲ್ಲದೆ ಓಡಿತು.

ಆದರೆ ಈಗ ಇನ್ನೊಂದು ಕಥೆ. ವೇಗ ಪೂರ್ತಿ ತಗ್ಗಿಸಿ ದಡಕ್ಕೆ ಬರುವಾಗ ಆರಿಹೋಗುತ್ತದೆ. ಚೋಕ್ (ಗಾಳಿ ತಡೆದು ಪೆಟ್ರೋಲ್ ಪಾಲು ಹೆಚ್ಚಿಸುವ ಗುಂಡಿ) ಅರ್ಧ ಎಳೆದಿಟ್ಟರೆ ನಿಲ್ಲುವುದಿಲ್ಲ.

ಉತ್ತರ 3

ಚೋಕ್ ಎಳೆದರೆ ಓಡುತ್ತದೆ ಅಂದರೆ ನಿಧಾನದ ವೇಗಕ್ಕೆ ಪೆಟ್ರೋಲ್ ಸಾಲುತ್ತಿಲ್ಲ ಅಂತ. ಕಾರ್ಬ್ಯುರೇಟರ್ ತೊಳೆದೆ ಅಂದಿರಿ, ಅದರೊಳಗೆ ನಿಧಾನದ ವೇಗಕ್ಕೆ ಪೆಟ್ರೋಲ್ ಬಿಡುವ ಐಡಲ್ ಜೆಟ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದಿರಾ? ಅದರ ತೂತು ಬಹಳ ಸಣ್ಣದು, ಹಳೆಯ ಪೆಟ್ರೋಲ್ ಒಣಗಿದರೆ ಮೊದಲು ಕಟ್ಟಿಕೊಳ್ಳುವುದೇ ಅದು. ಕ್ಲೀನರ್‌ನಲ್ಲಿ ನೆನೆಸಿ, ಗಾಳಿ ಊದಿ. ಟ್ಯಾಂಕಿನ ತೂತಿಗೆ ಹಾಕಿದ ತಂತಿಯನ್ನು ದಯವಿಟ್ಟು ಇಲ್ಲಿಗೆ ತರಬೇಡಿ. ಜೆಟ್ಟಿನ ಹಿತ್ತಾಳೆ ಮೆತ್ತಗಿರುತ್ತದೆ, ತೂತು ದೊಡ್ಡದಾದರೆ ಹೊಸ ಜೆಟ್ಟೇ ಬೇಕು.

ಕಾರ್ಬ್ಯುರೇಟರಿನ ಗಾಳಿ-ಪೆಟ್ರೋಲ್ ಮಿಶ್ರಣದ ತಿರುಪು ಬಿಚ್ಚುವ ಮೊದಲು ನಿಧಾನವಾಗಿ ಒಳಗೆ ತಿರುಗಿಸಿ, ಎಷ್ಟು ಸುತ್ತಿಗೆ ಕೂತಿತು ಅಂತ ಎಣಿಸಿ ಬರೆದಿಡಿ. ಬಿಗಿ ಮಾಡಬೇಡಿ, ಅದರ ಮೊನೆ ಹಾಳಾಗುತ್ತದೆ. ಮತ್ತೆ ಹಾಕುವಾಗ ಅಷ್ಟೇ ಸುತ್ತು ಹೊರಗೆ. ಮನೆಯಲ್ಲಿ ಟೆಸ್ಟ್ ಮಾಡುವುದಾದರೆ ಮೋಟಾರಿನ ಕಾಲು ನೀರು ತುಂಬಿದ ಡ್ರಮ್ಮಿನಲ್ಲಿರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಒಣ ಓಡಿಸಿದರೆ ಕೂಲಿಂಗ್ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಬೇಗ ಸುಟ್ಟುಹೋಗುತ್ತದೆ.

ಉತ್ತರ 1

ನಾನು ಅವಸರಪಟ್ಟೆ. ಈಗ ನೆನಪಿಸಿಕೊಂಡರೆ ನನ್ನದು ಕೆಮ್ಮಿರಲೇ ಇಲ್ಲ, ಟಕ್ಕನೆ ನಿಂತಿತ್ತು.

ಪ್ರಶ್ನೆ ಕೇಳಿದವರು

ಜೆಟ್ ಬಿಚ್ಚಿದೆ. ಬೆಳಕಿಗೆ ಹಿಡಿದರೆ ಪೂರ್ತಿ ಕತ್ತಲು. ರಾತ್ರಿಯಿಡೀ ನೆನೆಸಿ ಬೆಳಿಗ್ಗೆ ಗಾಳಿ ಊದಿದ ಮೇಲೆ ಒಂದು ಚುಕ್ಕೆಯಷ್ಟು ಬೆಳಕು ಕಂಡಿತು. ಮಿಶ್ರಣದ ತಿರುಪು ಒಂದೂಕಾಲು ಸುತ್ತಿನಲ್ಲಿತ್ತು, ಅಲ್ಲಿಗೇ ತಂದೆ. ಡ್ರಮ್ಮಿನಲ್ಲಿ ಚೋಕ್ ಇಲ್ಲದೆ ಇಪ್ಪತ್ತು ನಿಮಿಷ ಗುರುಗುಟ್ಟುತ್ತಾ ನಿಂತಿತ್ತು, ಕೊನೆಗೆ ನಾನೇ ಆರಿಸಿದೆ. ಈಗ ದೋಣಿ ಬಿಟ್ಟು ಬರುವಾಗ ಗಾಳಿ ತಿರುಪು ಮುಚ್ಚುತ್ತೇನೆ. ಹೊರಡುವಾಗ ತೆರೆಯಲು ಮರೆಯಬಾರದು ಅಂತ ಅದಕ್ಕೊಂದು ಕೆಂಪು ದಾರ ಕಟ್ಟಿದ್ದೇನೆ.