ಸಂಗಾತಿಗಳ ಸಂಖ್ಯೆ, ಗುಂಪಿನ ಬದುಕು ಮತ್ತು ರೋಗನಿರೋಧಕ ಜೀನ್‌ಗಳು

ಪ್ರಶ್ನೆ: ನಮಸ್ಕಾರ ಮೇಡಂ. ಗುಂಪಾಗಿ ಬಾಳುವ ಪ್ರಾಣಿಗಳಲ್ಲಿ ಸೋಂಕು ಬೇಗ ಹರಡುವುದರಿಂದ ಅವುಗಳ ರೋಗನಿರೋಧಕ ಜೀನ್‌ಗಳಲ್ಲಿ ವೈವಿಧ್ಯ ಹೆಚ್ಚು ಎಂದು ಓದಿದ್ದೇನೆ. ಹಲವು ಸಂಗಾತಿಗಳೊಡನೆ ಕೂಡುವ ಪ್ರಾಣಿಗಳ ಬಗೆಗೂ ಇದೇ ಮಾತನ್ನು ಹೇಳುತ್ತಾರೆ. ಇವೆರಡೂ ಒಂದೇ ಕಾರಣವೇ?

ಉತ್ತರ: ನಮಸ್ಕಾರ. ಇವನ್ನು ಎರಡು ಕಾರಣಗಳೆಂದೇ ಹಿಡಿಯಬೇಕು, ಏಕೆಂದರೆ ಸೋಂಕು ದಾಟುವ ದಾರಿಗಳೇ ಬೇರೆ. ಪ್ರೈಮೇಟ್‌ಗಳನ್ನು (ಕೋತಿ, ವಾನರ ಮೊದಲಾದವುಗಳ ಗುಂಪು) ಹೋಲಿಸಿ 2000ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೆಣ್ಣು ಹೆಚ್ಚು ಗಂಡುಗಳೊಡನೆ ಕೂಡುವ ಪ್ರಭೇದಗಳಲ್ಲಿ ಬಿಳಿ ರಕ್ತಕಣಗಳ ಸಂಖ್ಯೆ ಹೆಚ್ಚಾಗಿ ಕಂಡಿತು. ಗುಂಪಿನ ಗಾತ್ರಕ್ಕೆ ಮಾತ್ರ ಅಂಥ ಸಂಬಂಧ ಕಾಣಲಿಲ್ಲ.

ಜೀನ್‌ಗಳ ಮಟ್ಟದಲ್ಲಿ ಹೆಚ್ಚು ಚರ್ಚೆಯಾಗುವುದು ಎಂಎಚ್‌ಸಿ ಜೀನ್‌ಗಳು. ರೋಗಾಣುವಿನ ತುಣುಕುಗಳನ್ನು ಟಿ ಕೋಶಗಳೆಂಬ ರಕ್ಷಣಾ ಕೋಶಗಳಿಗೆ ತೋರಿಸುವ ಪ್ರೋಟೀನುಗಳು ಇವುಗಳಿಂದ ತಯಾರಾಗುತ್ತವೆ. ತಂದೆ ತಾಯಿಯರಿಂದ ಬಂದ ಎರಡು ಪ್ರತಿಗಳು ಭಿನ್ನವಾಗಿದ್ದಷ್ಟೂ ಹೆಚ್ಚು ಬಗೆಯ ತುಣುಕುಗಳನ್ನು ತೋರಿಸಬಹುದು. ಬಾಳಿನುದ್ದಕ್ಕೂ ಒಂದೇ ಜೋಡಿಯಾಗಿರುವ ಕ್ಯಾಲಿಫೋರ್ನಿಯಾ ಇಲಿಯನ್ನು ಹಲವು ಸಂಗಾತಿಗಳೊಡನೆ ಕೂಡುವ ಅದರ ಹತ್ತಿರದ ಬಂಧು ಜಿಂಕೆ ಇಲಿಯೊಡನೆ ಹೋಲಿಸಿದಾಗ, ಎರಡನೆಯದರ ಎಂಎಚ್‌ಸಿ ಜೀನಿನಲ್ಲಿ ವೈವಿಧ್ಯ ಹೆಚ್ಚಿತ್ತು.

ಆದರೆ ಗುಂಪಿನ ಬದುಕಿಗೆ ಪ್ರಭಾವವೇ ಇಲ್ಲವೆನ್ನಲಾಗದು. ಅರ್ಜೆಂಟೀನಾದಲ್ಲಿ ಬಿಲ ತೋಡಿ ಬಾಳುವ ಟುಕೊ-ಟುಕೊ ಎಂಬ ದಂಶಕಗಳಲ್ಲಿ (ಇಲಿಯಂತೆ ಕಡಿಯುವ ಪ್ರಾಣಿಗಳು), ಒಂದೇ ಬಿಲವನ್ನು ಹಂಚಿಕೊಳ್ಳುವ ಪ್ರಭೇದದ ಒಟ್ಟಾರೆ ಆನುವಂಶಿಕ ವೈವಿಧ್ಯ ಬಹಳ ಕಡಿಮೆ. ಹಾಗಿದ್ದರೂ ಅದರ ಎಂಎಚ್‌ಸಿ ಜೀನಿನ ಮೇಲೆ ನೈಸರ್ಗಿಕ ಆಯ್ಕೆಯ ಒತ್ತಡ ಒಂಟಿಯಾಗಿ ಬಾಳುವ ಬಂಧುವಿಗಿಂತ ಬಲವಾಗಿದೆ. ಆದ್ದರಿಂದ ವೈವಿಧ್ಯದ ಪ್ರಮಾಣವನ್ನೂ ಆಯ್ಕೆಯ ಬಲವನ್ನೂ ಒಂದೇ ಎಂದು ಭಾವಿಸಬೇಡಿ. ಬರಹಗಳಲ್ಲಿ ನಾನು ಹೆಚ್ಚಾಗಿ ಕಾಣುವ ತಪ್ಪು ಇದೇ.

ಇನ್ನೊಂದು ತೊಡಕೂ ಇದೆ. ವಾಸನೆಯ ಮೂಲಕ ತಮಗಿಂತ ಭಿನ್ನ ಎಂಎಚ್‌ಸಿ ಇರುವ ಸಂಗಾತಿಯನ್ನು ಇಲಿಗಳು ಆರಿಸಿಕೊಳ್ಳಬಲ್ಲವು ಎಂಬುದು 1976ರಿಂದಲೂ ವರದಿಯಾಗಿದೆ. ಹೀಗಾಗಿ ವೈವಿಧ್ಯ ಕಂಡಲ್ಲೆಲ್ಲ ರೋಗವೊಂದೇ ಕಾರಣವಾಗಿರಬೇಕಿಲ್ಲ.

ಮರುಪ್ರಶ್ನೆ: ಹಾಗಾದರೆ ಸಾವಿರಾರು ನೊಣಗಳು ಒತ್ತೊತ್ತಾಗಿ ಬಾಳುವ ಜೇನುಗೂಡಿನ ವಿಷಯವೇನು? ಜೇನುನೊಣಕ್ಕೆ ರೋಗನಿರೋಧಕ ಜೀನ್‌ಗಳೇ ಕಡಿಮೆ ಎನ್ನುತ್ತಾರಲ್ಲ?

ಉತ್ತರ: ಹೌದು. 2006ರಲ್ಲಿ ಜೇನುನೊಣದ ಜೀನೋಮ್ ಪ್ರಕಟವಾದಾಗ, ಹಲವು ರೋಗನಿರೋಧಕ ಜೀನ್ ಕುಟುಂಬಗಳಲ್ಲಿ ಹಣ್ಣುನೊಣದಲ್ಲಿರುವುದರ ಸುಮಾರು ಮೂರನೆಯ ಒಂದು ಪಾಲು ಜೀನ್‌ಗಳಷ್ಟೇ ಅದರಲ್ಲಿ ಕಂಡವು. ಒಂದನ್ನೊಂದು ಶುಚಿಗೊಳಿಸುವುದು, ಸೋಂಕಿತ ಮರಿಗಳನ್ನು ಹೊರಹಾಕುವುದು ಮೊದಲಾದ ಸಾಮೂಹಿಕ ರಕ್ಷಣೆಯಿಂದ ಜೀನ್‌ಗಳ ಅಗತ್ಯ ತಗ್ಗಿತೆಂದು ಆಗ ಊಹಿಸಿದರು. ಊಹೆ ಆಕರ್ಷಕವೇ, ಆದರೆ 2015ರ ಹೊತ್ತಿಗೆ ಸರಳ ಸಮಾಜದ ಬಂಬಲ್ ಬೀಗಳಲ್ಲೂ ಒಂಟಿ ಬದುಕಿನ ಜೇನುಜಾತಿಯಲ್ಲೂ ಇಂಥದೇ ಕೊರತೆ ಕಂಡಿತು. ಅಂದರೆ ಗೂಡಿನ ಸಮಾಜ ಬೆಳೆಯುವ ಮೊದಲೇ ಜೀನ್‌ಗಳು ಕಡಿಮೆಯಿದ್ದವು.

ಇಲ್ಲಿ ಕೂಡುವಿಕೆಯ ಪಾತ್ರವೂ ತಲೆಕೆಳಗಾಗುತ್ತದೆ. ರಾಣಿ ಹತ್ತಕ್ಕೂ ಹೆಚ್ಚು ಗಂಡುಗಳೊಡನೆ ಕೂಡುವುದರಿಂದ ಗೂಡಿನೊಳಗೆ ಬೇರೆ ಬೇರೆ ತಂದೆಯರ ಸಂತತಿ ಬೆರೆತಿರುತ್ತದೆ. ಒಂದೇ ಗಂಡಿನ ಸಂತತಿಯಿರುವ ಗೂಡುಗಳಿಗಿಂತ ಇಂಥ ಗೂಡುಗಳಲ್ಲಿ ಮರಿಗಳ ರೋಗ ಕಡಿಮೆ ತೀವ್ರವಾಗಿರುವುದನ್ನು ಪ್ರಯೋಗಗಳು ತೋರಿಸಿವೆ. ಸಸ್ತನಿಗಳಲ್ಲಿ ಸೋಂಕಿನ ದಾರಿಯಾಗುವ ಬಹುಸಂಗಾತಿ ಪದ್ಧತಿ, ಜೇನಿನಲ್ಲಿ ಗೂಡಿನ ರಕ್ಷಣೆಯ ಭಾಗವಾಗಿದೆ.