ಪದ ಬೇಕು: ವಕೀಲರಲ್ಲದೆ ಕಾನೂನಿನ ನೆರವು ಕೊಡುವವಳಿಗೆ ಏನನ್ನೋಣ?

ಕಲಬುರಗಿಯಿಂದ:

ಎಲ್ಲರಿಗೂ ನಮಸ್ಕಾರ. ಶುಕ್ರವಾರದೊಳಗೆ ಒಂದು ಪದ ಬೇಕು, ಬೋರ್ಡ್ ಬರೆಯುವವರು ಕಾಯುತ್ತಿದ್ದಾರೆ. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸರಿಗೆ ಕಾನೂನಿನ ದಾರಿ ತೋರಿಸಲು ಇಲ್ಲಿ ಸ್ವಸಹಾಯ ಸಂಘದವರಿಗೆ, ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡುತ್ತಿದ್ದೇವೆ. ಇವರು ಯಾರೂ ಎಲ್‌ಎಲ್‌ಬಿ ಓದಿದವರಲ್ಲ. ಪಾಠದ ಪುಸ್ತಕವನ್ನು ಇಂಗ್ಲಿಷಿನಿಂದ ನಾನೇ ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಅಮೆರಿಕದ ಅರಿಜೋನಾದ ಮಾತು ಬರುತ್ತದೆ. ದೌರ್ಜನ್ಯಕ್ಕೆ ಸಿಕ್ಕವರ ಜೊತೆ ಮೊದಲಿಂದಲೂ ಕೆಲಸ ಮಾಡುತ್ತಿದ್ದವರಿಗೇ ಕಾನೂನು ಕಲಿಸಿ, ಲೈಸೆನ್ಸ್ ಕೊಟ್ಟು, ಸಲಹೆ ಹೇಳಲು ಬಿಡುವ ಪ್ರಯೋಗಕ್ಕೆ 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿತು. ಅವರನ್ನು ‘ಲೀಗಲ್ ಅಡ್ವೊಕೇಟ್’ ಅಂತಾರೆ. ನಮ್ಮಲ್ಲಿ ಅಡ್ವೊಕೇಟ್ ಅಂದರೆ ಕರಿ ಕೋಟಿನವರೇ. ‘ಅರೆ ಕಾನೂನು ಸ್ವಯಂಸೇವಕಿ’ ಅಂತ ಸರ್ಕಾರದ ಪದ ಇದೆ. ಆದರೆ ‘ಅರೆ’ ಅಂದ ಕೂಡಲೇ ಅರೆಬೆಂದದ್ದು ಅನ್ನಿಸುತ್ತದೆ, ಅಲ್ವಾ? ಏನು ಬರೆಸಲಿ?

ಧಾರವಾಡದಿಂದ:

ಕಟ್ಟಳೆ ನೆರವುಗಾರ್ತಿ. ಬೇರೆ ಹುಡುಕಬೇಕಿಲ್ಲ. ‘ವಕೀಲ’, ‘ಕಾನೂನು’ ಎರಡೂ ಅರಬ್ಬಿಯಿಂದ ಬಂದವು. ಅರಬ್ಬಿಗೆ ‘ಕಾನೂನು’ ಬಂದದ್ದು ಗ್ರೀಕಿನ ‘ಕನೋನ್’ನಿಂದ, ಅಂದರೆ ಅಳತೆಕೋಲು. ಮನೆಯಲ್ಲೇ ಕಟ್ಟು, ಕಟ್ಟಳೆ ಇರುವಾಗ ಸಾಲ ಯಾಕೆ?

ಮೈಸೂರಿನಿಂದ:

ಆ ‘ಗಾರ’ವೇ ಸಂಸ್ಕೃತದ ‘ಕಾರ’ದ ತದ್ಭವ. ಅಚ್ಚಗನ್ನಡ ಅಂತ ಮೆರೆಸಬೇಡಿ. ‘ನ್ಯಾಯಸಖಿ’ ಇರಲಿ. ಕೇಳಲು ಚೆಂದ, ಬೋರ್ಡಿಗೂ ಚಿಕ್ಕದು.

ಬೀದರಿನಿಂದ:

ಅಕ್ಕಾ, ‘ಸಖಿ’ ಬೇಡವೇ ಬೇಡ. ದೌರ್ಜನ್ಯಕ್ಕೆ ಸಿಕ್ಕ ಹೆಂಗಸರಿಗೆ ಅಂತಲೇ ಸರ್ಕಾರದ ಸಖಿ ಕೇಂದ್ರ ಇದೆಯಲ್ಲ. ಅಲ್ಲಿಗೆ ಹೋಗಬೇಕಾದವರು ನಿಮ್ಮಲ್ಲಿಗೆ ಬರುತ್ತಾರೆ, ನಿಮ್ಮಲ್ಲಿಗೆ ಬರಬೇಕಾದವರು ಅಲ್ಲಿಗೆ ಹೋಗುತ್ತಾರೆ. ‘ವಕೀಲ’ ಅನ್ನುವುದಂತೂ ಹತ್ತಿರವೂ ಸುಳಿಯಬಾರದು. 1961ರ ವಕೀಲರ ಕಾಯ್ದೆಯ 33ನೇ ಸೆಕ್ಷನ್ ಪ್ರಕಾರ ನೋಂದಾಯಿತ ವಕೀಲರಷ್ಟೇ ವಕಾಲತ್ತು ನಡೆಸಬೇಕು. ಕಾರ್ಡಿನಲ್ಲಿ ಆ ಪದ ಕಂಡರೆ ಎದುರು ಪಾರ್ಟಿ ಮೊದಲ ದಿನವೇ ಅದನ್ನು ಹಿಡಿದುಕೊಳ್ಳುತ್ತದೆ. ತೊಂದರೆ ಆ ಹೆಂಗಸಿಗೇ.

ಧಾರವಾಡದ ಸರ್‌ಗೆ ಒಂದು ಮಾತು. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದೆವು. ನಿಜಾಮರ ಕಾಲದಲ್ಲಿ ಕಚೇರಿ, ಕೋರ್ಟು ನಡೆದದ್ದು ಉರ್ದುವಿನಲ್ಲಿ. ಫಿರ್ಯಾದಿ, ಜಾಮೀನು, ರಾಜಿ, ತಕರಾರು ನಮ್ಮ ಅಜ್ಜಿಯರ ಬಾಯಲ್ಲಿದ್ದ ಮಾತುಗಳು. ನಮಗೆ ಇವು ಸಾಲ ಅಲ್ಲ, ಮನೆಮಾತು. ಅಳುತ್ತಾ ಬಂದವಳಿಗೆ ‘ಕಟ್ಟಳೆ’ ಅಂದರೆ ಏನು ಅಂತ ಬಿಡಿಸಿ ಹೇಳುತ್ತಾ ಕೂರಬೇಕಾ?

ಅಲ್ಲಿ ನಡೆಯುವ ಕೆಲಸ ನೋಡಿ. ‘ಯಕ್ಕಾ, ಮನಿಯಿಂದ ಹೊರಗ ಹಾಕ್ಯಾರ’ ಅಂತ ಅವಳು ಹೇಳುತ್ತಾಳೆ. ತರಬೇತಿ ಆದವಳಿಗೆ ಅದು ಬರೀ ಜಗಳ ಅಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಮನೆ ಗಂಡನ ಹೆಸರಲ್ಲಿದ್ದರೂ ಹೆಂಡತಿಗೆ ಅಲ್ಲಿರುವ ಹಕ್ಕಿದೆ, ವಾಸದ ಆದೇಶ ಕೇಳಬಹುದು. ಯಾವತ್ತು ಹೊಡೆದರು, ಯಾರು ನೋಡಿದರು, ಬಂಗಾರ ಯಾರ ಹತ್ತಿರ ಇದೆ ಅಂತ ಒಂದೊಂದೇ ಕೇಳಿ ಬರೆದುಕೊಳ್ಳಬೇಕು. ಈ ಕಾಯ್ದೆಯಡಿ ಸರ್ಕಾರ ನೇಮಿಸುವ ಸಂರಕ್ಷಣಾಧಿಕಾರಿ ಘಟನಾ ವರದಿ ತುಂಬುವಾಗ ಇವೆಲ್ಲ ಬೇಕಾಗುತ್ತವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, ಅದನ್ನೂ ಹೇಳಬೇಕು. ಕೋರ್ಟಿನ ಬೆಂಚಿನ ಮೇಲೆ ಅವಳ ಪಕ್ಕ ಕೂರಬೇಕು. ಇಷ್ಟು ಮಾಡುವವಳನ್ನು ‘ಅರೆ’ ಅನ್ನಲು ನನಗಂತೂ ಮನಸ್ಸಿಲ್ಲ. ‘ಕಾನೂನು ನೆರವು ಕಾರ್ಯಕರ್ತೆ’ ಅನ್ನಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ ಎಲ್ಲರಿಗೂ ಗೊತ್ತು. ಇವಳೂ ನಮ್ಮೂರಿನವಳೇ, ಮನೆತನಕ ಬರುತ್ತಾಳೆ ಅಂತ ತಾನಾಗಿ ತಿಳಿಯುತ್ತದೆ.

ಧಾರವಾಡದಿಂದ:

‘ನೆರವು’ ಉಳಿಯಿತು, ಸಂತೋಷ. ಉಳಿದದ್ದನ್ನು ಒಪ್ಪಲಾರೆ. ಜನರಿಗೆ ಗೊತ್ತಿದೆ ಅಂತ ಇವತ್ತು ಬಿಟ್ಟರೆ ಹೊಸ ಪದ ಗೊತ್ತಾಗುವುದು ಯಾವತ್ತು? ಬೋರ್ಡಿನಲ್ಲಿ ಬರೆದರೆ ತಾನೇ ಪದ ಬೆಳೆಯುವುದು?

ಕಲಬುರಗಿಯಿಂದ:

ಸರ್, ಹೊಸ ಪದ ಬೆಳೆಯಲಿ. ಆದರೆ ಹೊಡೆತ ತಿಂದು ಬಂದವಳ ಮೇಲೆ ಆ ಭಾರ ಬೇಡ. ‘ಕಾನೂನು ನೆರವು ಕಾರ್ಯಕರ್ತೆ’ ಅಂತಲೇ ಬರೆಸುತ್ತೇನೆ. ಕಾರ್ಡಿನಲ್ಲಿ ಹೆಸರಿನ ಕೆಳಗೆ ‘ಕೋರ್ಟಿನಲ್ಲಿ ವಾದ ಮಾಡುವುದಿಲ್ಲ, ವಕೀಲರನ್ನು ಕೊಡಿಸಲು ನೆರವಾಗುತ್ತಾರೆ’ ಅಂತ ಇನ್ನೊಂದು ಸಾಲು ಇರುತ್ತದೆ. ಬೀದರಿನವರಿಗೆ ಥ್ಯಾಂಕ್ಸ್.

ಇನ್ನೊಂದು ಉಳಿದಿದೆ. ಗಂಡನ ಕಡೆಯವರು ಬರುವ ಮೊದಲೇ, ಅಫಿಡವಿಟ್ ನೋಡಿ ಮ್ಯಾಜಿಸ್ಟ್ರೇಟರು ಕೊಡಬಹುದಾದ ಎಕ್ಸ್ ಪಾರ್ಟೆ ಆದೇಶಕ್ಕೆ ಏನನ್ನಲಿ? ‘ಏಕಪಕ್ಷೀಯ’ ಅಂದರೆ ‘ಹಂಗಂದ್ರ ಅನ್ಯಾಯದ್ದೇನ್ರೀ?’ ಅಂತ ತರಗತಿಯಲ್ಲೇ ಕೇಳಿದರು. ಇದು ಬರುವ 2005ರ ಕಾಯ್ದೆಯ 23ನೇ ಸೆಕ್ಷನ್ನಿನ ಪಾಠ ಸೋಮವಾರ ಇದೆ.