ಪುಟ್ಟಿಯನ್ನು ಕಳಿಸು ಅಕ್ಕಾ

ಅಕ್ಕಾ, ನಿನ್ನೆ ರಾತ್ರಿ ನೀನು ಗುಂಪಿಗೆ ಹಾಕಿದ್ದನ್ನು ಈಗ ಕೇಳಿದೆ. ಪುಟ್ಟಿ ರಜೆಯಲ್ಲಿ ಇಂಗ್ಲೆಂಡಿನ ವಿಂಡೋಲಾಂಡಾಕ್ಕೆ, ಅಂದರೆ ಹಳೇ ರೋಮನ್ ಕೋಟೆ ಇದ್ದ ಜಾಗಕ್ಕೆ ಹೋಗಿ, ಹಳೇ ಕಾಲದ ವಸ್ತು ಹುಡುಕಲು ಎರಡು ವಾರ ಮಣ್ಣು ಅಗೆಯುತ್ತಾಳೆ, ಹತ್ತಿರದಲ್ಲೇ ಟೆಂಟು ಹಾಕಿಕೊಂಡು ಇರುತ್ತಾಳೆ, ಸಂಬಳ ಇಲ್ಲದ ಈ ಉಸಾಬರಿ ಯಾಕೆ ಅಂತ ಕೇಳಿದ್ದೀಯ. ಭಾವನೂ ಹೌದು ಅಂದಿದ್ದಾರೆ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳು.

2013ರಲ್ಲಿ ನಾನು ಸಿಲ್‌ಚೆಸ್ಟರ್‌ಗೆ ಹೋಗಿದ್ದೆನಲ್ಲ, ನೆನಪಿದೆಯಾ? ಅದೂ ಇಂಗ್ಲೆಂಡಿನಲ್ಲೇ, ರೆಡಿಂಗ್ ಊರಿನ ಹತ್ತಿರದ ಹಳ್ಳಿ. ರೋಮನ್ನರ ಕಾಲದಲ್ಲಿ ಅಲ್ಲೊಂದು ಪಟ್ಟಣ ಇತ್ತು. ಜನ ಬಿಟ್ಟುಹೋದ ಮೇಲೆ ಅದರ ಮೇಲೆ ಮತ್ತೆ ಪಟ್ಟಣ ಏಳಲಿಲ್ಲ. ಸುತ್ತ ಕೋಟೆಗೋಡೆ ಈಗಲೂ ನಿಂತಿದೆ, ಒಳಗೆ ಹುಲ್ಲುಗಾವಲು. ರೆಡಿಂಗ್ ವಿಶ್ವವಿದ್ಯಾಲಯದವರು 1997ರಿಂದ 2014ರವರೆಗೆ ಪ್ರತಿ ಬೇಸಿಗೆ ಆ ಪಟ್ಟಣದ ಬೀದಿಗಳ ನಡುವಿನ ಒಂದೇ ಚೌಕದಲ್ಲಿ, ಅದರಲ್ಲೂ ಒಂದು ಭಾಗದಲ್ಲಿ ಮಾತ್ರ ಅಗೆದರು. ಹದಿನೆಂಟು ಬೇಸಿಗೆ! ಕೆಲಸ ಅಷ್ಟು ನಿಧಾನ.

ನನಗೆ ಕೊಟ್ಟದ್ದು ಒಂದು ಬಕೆಟ್, ಮಂಡಿ ಊರಲು ಒಂದು ಮೆತ್ತೆ, ಒಂದು ಸಣ್ಣ ಕರಣೆ. ನಮ್ಮ ಗಾರೆ ಕೆಲಸದವರ ಹತ್ತಿರ ಇರುತ್ತಲ್ಲ, ಅಂಥದ್ದೇ. ಮಣ್ಣನ್ನು ತೆಳ್ಳಗೆ ಕೆರೆಯುತ್ತಾ ಹಿಂದಕ್ಕೆ ಸರಿಯಬೇಕು, ಕೆರೆದ ಜಾಗ ತುಳಿಯಬಾರದು. ಏನಾದರೂ ಕಂಡರೆ ಆಸೆಗೆ ಬಿದ್ದು ಕೀಳಬಾರದು. ಮೂರು ದಿನ ಬರೀ ಮಡಕೆ ಚೂರು. ನಾಲ್ಕನೇ ದಿನ ಮಳೆ ಬಂದು ನಿಂತಿತ್ತು. ಹಸಿಯಾದಾಗ ಮಣ್ಣಿನ ಬಣ್ಣದ ವ್ಯತ್ಯಾಸ ಚೆನ್ನಾಗಿ ಎದ್ದು ಕಾಣುತ್ತದೆ. ಹಳದಿ ಜಲ್ಲಿಮಣ್ಣಿನ ನಡುವೆ ಊಟದ ತಟ್ಟೆಯಷ್ಟು ಅಗಲದ ಕಪ್ಪು ಗುಂಡನೆ ಗುರುತು. ಮುಟ್ಟಿದರೆ ಸುತ್ತಲಿಗಿಂತ ಮೆತ್ತಗೆ. ಅದು ಕಂಬ ನೆಟ್ಟ ಗುಂಡಿ ಅಂತ ಮೇಲ್ವಿಚಾರಕಿ ಹೇಳಿದರು. ಮೊದಲು ಅರ್ಧ ಮಾತ್ರ ತೆಗೆಯಬೇಕು, ಆಗ ಒಳಗಿನ ಪದರ ಪಕ್ಕದಿಂದ ಕಾಣುತ್ತದೆ. ಚಿತ್ರ ಬರೆದು, ಫೋಟೊ ತೆಗೆದು, ನಂಬರ್ ಕೊಟ್ಟ ಮೇಲೆ ಉಳಿದರ್ಧ. ಮರ ಎಂದೋ ಕೊಳೆತುಹೋಗಿತ್ತು. ಆದರೆ ಕಂಬ ಅಲ್ಲಾಡದಿರಲಿ ಅಂತ ಸುತ್ತ ಒತ್ತಿಟ್ಟ ಕಲ್ಲುಗಳು ಹಾಗೇ ಇದ್ದವು! ನಮ್ಮಜ್ಜ ಚಪ್ಪರದ ಕಂಬಕ್ಕೆ ಒತ್ತುಗಲ್ಲು ಇಡುತ್ತಿದ್ದರಲ್ಲ ಅಕ್ಕಾ, ಥೇಟ್ ಹಾಗೇ. ನನಗೆ ಅಲ್ಲೇ ಕಣ್ಣು ತುಂಬಿತು.

ಇನ್ನೊಂದು ಹೇಳಬೇಕು. ಅಲ್ಲಿನ ಒಂದು ಹಳೆ ಬಾವಿಯ ಕೆಸರಿನಲ್ಲಿ ಆಲಿವ್ ಬೀಜ ಸಿಕ್ಕಿತ್ತು. ಕೊತ್ತಂಬರಿ, ಸಬ್ಬಸಿಗೆ ಬೀಜ ಕೂಡ. ರೋಮನ್ ಸೈನ್ಯ ಬ್ರಿಟನ್ನನ್ನು ಗೆಲ್ಲಲು ಬಂದದ್ದು ಕ್ರಿ.ಶ. 43ರಲ್ಲಿ. ಈ ಬೀಜಗಳು ಅದಕ್ಕೂ ಹಿಂದಿನವು. ಅಂದರೆ ಸೈನ್ಯಕ್ಕಿಂತ ಮೊದಲೇ ಅಡುಗೆಮನೆಗೆ ಆ ರುಚಿ ಬಂದಿತ್ತು! ಕೆಸರು ಸದಾ ಒದ್ದೆ, ಗಾಳಿ ಆಡುವುದಿಲ್ಲ, ಅದಕ್ಕೇ ಕೊಳೆಯಲಿಲ್ಲ. ಪುಟ್ಟಿ ಹೋಗುವ ಕಡೆಯೂ ಅಂಥದ್ದೇ ಮಣ್ಣು. ಚರ್ಮದ ಚಪ್ಪಲಿಗಳು, ತೆಳು ಮರದ ಹಲಗೆಯ ಮೇಲೆ ಶಾಯಿಯಲ್ಲಿ ಬರೆದ ಪತ್ರಗಳು ಅಲ್ಲಿ ಸಿಕ್ಕಿವೆ. ಅವಸರದ ಒಂದು ಗುದ್ದಲಿ ಏಟಿಗೆ ಅವು ಹಾಳಾಗುತ್ತವೆ. ತಾಳ್ಮೆ ಇರುವ ಕೈ ಬೇಕು. ನಮ್ಮ ಪುಟ್ಟಿಗೆ ಅದಿದೆ, ರಂಗೋಲಿ ಹಾಕುವಾಗ ನೋಡಿಲ್ವಾ?

ಟೆಂಟಿನ ವಿಷಯದಲ್ಲಿ ನಿನ್ನ ಚಿಂತೆ ಸುಮ್ನೆ ಅಲ್ಲ. ವಿಂಡೋಲಾಂಡಾ ಇನ್ನೂ ಉತ್ತರಕ್ಕೆ, ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆ ಹತ್ತಿರ. ಗಾಳಿ ಜಾಸ್ತಿ. ಜುಲೈನಲ್ಲೂ ರಾತ್ರಿ ಚಳಿ ನೆಲದಿಂದ ಏರುತ್ತದೆ, ಮೇಲೆ ಎಷ್ಟು ಹೊದ್ದರೂ ಪ್ರಯೋಜನವಿಲ್ಲ. ಕೆಳಗೆ ದಪ್ಪ ಚಾಪೆ ಇರಲೇಬೇಕು. ಸಾಕ್ಸ್ ಎರಡು ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಬೇರೆಯೇ ಇಡಲಿ. ಒಬ್ಬಳೇ ಬೇಡ, ಜೊತೆಗೆ ಅಗೆಯಲು ಬರುವವರ ಪಕ್ಕದಲ್ಲೇ ಟೆಂಟು ಹಾಕಲಿ. ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುತ್ತೆ, ಅಡುಗೆ ಮಾಡಿಕೊಳ್ಳಲು ಕಷ್ಟವಿಲ್ಲ.

ಭಾನುವಾರ ಅವಳಿಗೆ ಫೋನ್ ಮಾಡುತ್ತೇನೆ. ನನ್ನ ಕರಣೆ ಇನ್ನೂ ಇದೆ, ಹಿಡಿಯ ಬಣ್ಣ ಹೋಗಿದೆ ಅಷ್ಟೆ, ಅದನ್ನೇ ಕೊಡುತ್ತೇನೆ. ನೀನು ಚಟ್ನಿಪುಡಿ ಮಾಡಿ ಕಳಿಸು. ಜಾಸ್ತಿನೇ ಮಾಡು, ಅಕ್ಕಪಕ್ಕದ ಟೆಂಟಿನವರೂ ಕೇಳುತ್ತಾರೆ.